ಕಿಸೆಯಲ್ಲೊಂದು ಕೊಕ್ಕಿನ ಚಾಕು

ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಕತ್ತಿ ಸೊಂಟದಲ್ಲಿ ಇದ್ದೇ ಇರುತ್ತದೆ. ಆದರೆ ಸಣ್ಣ ಕೆಲಸಕ್ಕೆ ಕಿಸೆಯಿಂದ ಹೊರಬರುವುದು ಗಿಡುಗನ ಕೊಕ್ಕಿನ ಹಾಗೆ ಒಳಕ್ಕೆ ಬಾಗಿದ ಮಡಚುವ ಚಾಕು.

ನೇರ ಚಾಕುವಿನಲ್ಲಿ ಕಾಳುಮೆಣಸಿನ ಬಳ್ಳಿ ಕೊಯ್ದು ನೋಡಿ. ಬಳ್ಳಿ ತುದಿಯತ್ತ ಜಾರಿ ತಪ್ಪಿಸಿಕೊಳ್ಳುತ್ತದೆ. ಕೊಕ್ಕಿನ ಚಾಕು ಬಿಡುವುದಿಲ್ಲ, ಎಳೆದಷ್ಟೂ ಬಳ್ಳಿ ಬಾಗಿನೊಳಗೇ ಸೇರುತ್ತದೆ. ಹಾಗಾಗಿ ಒತ್ತಬೇಡಿ, ಎಳೆಯಿರಿ. ಬಾಳೆ ಎಲೆಯ ದಂಟಿಗೆ ಕೊಕ್ಕು ಸಿಕ್ಕಿಸಿ ಒಂದೇ ಎಳೆತ, ಮುಗೀತು. ಎಳೆಯುವ ದಾರಿಯಲ್ಲಿ ಹೆಬ್ಬೆರಳು, ಮೊಣಕಾಲು ಇರಬಾರದು. ಸುಮ್ನೆ ಹೇಳುತ್ತಿಲ್ಲ, ನನ್ನ ಎಡ ಮೊಣಕಾಲಲ್ಲಿ ಗುರುತು ಇನ್ನೂ ಇದೆ.

ಗೊಬ್ಬರದ ಚೀಲದ ಹೊಲಿಗೆ, ಪೈಪಿಗೆ ಕಟ್ಟಿದ ಹಗ್ಗ, ಕರೆಂಟಿಗೆ ಜೋಡಿಸದ ವೈರಿನ ಸಿಪ್ಪೆ, ಎಲ್ಲಕ್ಕೂ ಆಗುತ್ತದೆ. ಅಡುಗೆಮನೆಗೆ ಮಾತ್ರ ಬೇಡ. ಮಣೆ ಮೇಲೆ ಸೌತೆಕಾಯಿ ಹೆಚ್ಚಲು ಹೋದರೆ ತುದಿಯಷ್ಟೇ ತಾಗುತ್ತದೆ.

ಮಸೆಯುವುದೇ ತಲೆನೋವು. ಚಪ್ಪಟೆ ಸಾಣೆಕಲ್ಲು ಬಾಗಿನೊಳಗೆ ಕೂರುವುದಿಲ್ಲ ಅಲ್ವಾ? ಬೆರಳು ದಪ್ಪದ ದುಂಡು ಕೋಲಿಗೆ 400ರ ವಾಟರ್ ಪೇಪರ್ (ಉಜ್ಜುವ ಕಾಗದ, ಅಂಕಿ ಹೆಚ್ಚಿದಷ್ಟೂ ನುಣುಪು) ಸುತ್ತಿ, ಅಲಗಿನ ಬುಡದಿಂದ ತುದಿವರೆಗೆ ಮೆಲ್ಲಗೆ ಉಜ್ಜಿ. ಆಮೇಲೆ 1000ರದ್ದು. ತುದಿಯಲ್ಲಿ ಜಾಸ್ತಿ ಉಜ್ಜಿದರೆ ಕೊಕ್ಕು ಮೊಂಡಾಗುತ್ತದೆ. ನಾನು ಒಂದು ಚಾಕು ಹಾಗೇ ಹಾಳು ಮಾಡಿದ್ದೇನೆ.

ಬಾಳೆಯ ಸೊನೆ ಅಂಟಿದರೆ ಆಗಲೇ ಒರೆಸಿ. ನಮ್ಮ ಮಳೆಗಾಲದಲ್ಲಿ ಕಬ್ಬಿಣ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ಮಡಚುವ ಜಾಗಕ್ಕೆ ಒಂದು ಹನಿ ಹೊಲಿಗೆ ಮಷಿನ್ನಿನ ಎಣ್ಣೆ ಬಿಡಿ.

ಕೊಳ್ಳುವಾಗ ಬಿಚ್ಚಿದ ಅಲಗು ತಾನಾಗಿ ಮಡಚದಂತೆ ಹಿಡಿಯುವ ಲಾಕ್ ಇರುವುದನ್ನೇ ನೋಡಿ. ಅಲಗಿನ ಬೆನ್ನನ್ನು ಅಂಗಡಿಯಲ್ಲೇ ಒತ್ತಿ ನೋಡಿ. ಅಲುಗಾಡಿದರೆ ವಾಪಸ್ ಕೊಡಿ.