ಸೊಟ್ಟ ಬಂದದ್ದು ಯಾವಾಗ?

ಬೆನ್ನು ಬಾಗಿದ ಗಪ್ಪಿ ಮೀನನ್ನು ಮೊಬೈಲ್‌ನಲ್ಲಿ ತೋರಿಸಿ ‘ಇದಕ್ಕೆ ಯಾವ ಔಷಧಿ ಹಾಕಬೇಕು ಸಾರ್’ ಎಂದು ಕೇಳುವವರಿಗೆ ಕೊರತೆಯಿಲ್ಲ. ಔಷಧಿಯ ಮಾತು ಆಮೇಲೆ. ನಾನು ಮೊದಲು ಕೇಳುವುದು ಎರಡೇ: ಸೊಟ್ಟ ಯಾವಾಗ ಬಂತು, ಎಷ್ಟು ಮೀನಿಗೆ ಬಂತು? ಮಂಡ್ಯದ ನಮ್ಮ ಮನೆಯ ಹಿತ್ತಲಿನ ಸಿಮೆಂಟ್ ತೊಟ್ಟಿಗಳಲ್ಲಿ ಗಪ್ಪಿ, ಮೋಲಿ, ಏಂಜಲ್ ಎಂಬ ಅಲಂಕಾರದ ಮೀನುಗಳ ಮರಿ ಮಾಡಿಸಿ ಮೈಸೂರಿನ ಅಂಗಡಿಗಳಿಗೆ ಕೊಡುತ್ತೇನೆ. ಬಾಗಿದ ಬೆನ್ನು ವಂಶದಿಂದ ಬಂದರೂ, ಆಹಾರದಿಂದ ಬಂದರೂ, ರೋಗದಿಂದ ಬಂದರೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತದೆ. ಆಕಾರ ನೋಡಿ ಕಾರಣ ಹೇಳುವವರನ್ನು ನಾನು ನಂಬುವುದಿಲ್ಲ.

ಗಪ್ಪಿ ಮರಿ ಹಾಕಿದ ದಿನ ಸಾಮಾನ್ಯವಾಗಿ ಮರಿಗಳು ನೆಟ್ಟಗೇ ಇರುತ್ತವೆ. ವಂಶದ ಗೂನು ಬೆಳೆಯುತ್ತಾ ಹೋದಂತೆ ಹೊರಬೀಳುತ್ತದೆ, ಅದೂ ಹೆಣ್ಣುಗಳಲ್ಲಿ ಜಾಸ್ತಿ. ತೊಟ್ಟಿಯೊಳಗೆ ಮೇಲಿನಿಂದ ಇಣುಕಿದರೆ ಪಕ್ಕಕ್ಕೆ ವಾಲಿದ್ದು ಮಾತ್ರ ಗೊತ್ತಾಗುತ್ತದೆ. ತಗ್ಗಿದ ಅಥವಾ ಉಬ್ಬಿದ ಬೆನ್ನು ಕಾಣಬೇಕಾದರೆ ಮೀನನ್ನು ಗಾಜಿನ ಲೋಟಕ್ಕೆ ಬಿಟ್ಟು ಬೆಳಗಿನ ಬೆಳಕಿಗೆ ಹಿಡಿಯಬೇಕು. ಆಗ ಬೆನ್ನುಮೂಳೆಯ ಗೆರೆ ಮೈಯೊಳಗೆ ಮಬ್ಬಾಗಿ ಕಾಣುತ್ತದೆ. ತಲೆಯಿಂದ ಬಾಲದ ಬುಡದವರೆಗೆ ಅದನ್ನೇ ಕಣ್ಣಿನಲ್ಲಿ ಹಿಂಬಾಲಿಸಿ. ಪ್ರತಿ ತೊಟ್ಟಿಯ ಗೋಡೆಯ ಮೇಲೆ ತಾಯಿ ಯಾವುದು, ತಂದೆ ಯಾವುದು, ಮರಿ ಹಾಕಿದ ತಾರೀಖು ಏನು ಎಂದು ಸೀಮೆಸುಣ್ಣದಲ್ಲಿ ಬರೆದಿಡುತ್ತೇನೆ. ಒಂದೇ ತಾಯಿಯ ಮರಿಗಳಲ್ಲಿ ಮಾತ್ರ ಗೂನು ಮರುಕಳಿಸಿ, ಅದೇ ನೀರು ಅದೇ ಆಹಾರದ ಪಕ್ಕದ ತೊಟ್ಟಿ ನೆಟ್ಟಗಿದ್ದರೆ ಅನುಮಾನ ವಂಶದ ಮೇಲೆ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ‘ಗಂಡು ಬದಲಿಸಿದೆ, ಆದರೂ ಸೊಟ್ಟ ಹೋಗಲಿಲ್ಲ, ಹಾಗಾಗಿ ತಪ್ಪು ಹೆಣ್ಣಿನದು’ ಎನ್ನುತ್ತಾರೆ. ಹೆಣ್ಣು ಗಪ್ಪಿ ಒಮ್ಮೆ ಕೂಡಿದರೆ ಸಾಕು, ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಯ್ದಿಟ್ಟುಕೊಂಡು ಗಂಡಿಲ್ಲದೆಯೂ ಹಲವು ಸೂಲು ಮರಿ ಹಾಕುತ್ತದೆ. ಹೊಸ ಗಂಡನ್ನು ಬಿಟ್ಟ ಮೇಲೆ ಹುಟ್ಟಿದ ಮರಿಗಳು ಹಳೆಯ ಗಂಡಿನವೇ ಆಗಿರಬಹುದು. ಪರೀಕ್ಷೆಗೆ ಗಂಡಿನ ಜೊತೆ ಸೇರದ ಹೆಣ್ಣೇ ಬೇಕು. ಅದಕ್ಕಾಗಿ ಮರಿಗಳಲ್ಲಿ ಹೊಟ್ಟೆಯ ಕೆಳಗಿನ ರೆಕ್ಕೆ ಅಗಲ ಬಿಟ್ಟು ಚೂಪಾಗತೊಡಗಿದ ಗಂಡುಗಳನ್ನು ಕಂಡಕೂಡಲೇ ಬೇರೆ ಮಾಡುತ್ತೇನೆ. ಕೆಲಸ ಬೇಸರದ್ದು, ಕಣ್ಣು ನೋಯುತ್ತದೆ, ಬೇರೆ ದಾರಿ ಇಲ್ಲ. ಹೀಗೆ ಉಳಿಸಿಕೊಂಡ ಹೆಣ್ಣಿಗೆ ಸಂಬಂಧವೇ ಇಲ್ಲದ ಕಡೆಯಿಂದ ಗಂಡು ತಂದು ಕೂಡಿಸುತ್ತೇನೆ. ಮೊದಲ ಪೀಳಿಗೆ ನೆಟ್ಟಗೆ ಬಂದರೆ ಹಿಗ್ಗುವಂತಿಲ್ಲ. ಆ ಅಣ್ಣ ತಂಗಿಯರನ್ನೇ ಮತ್ತೆ ಕೂಡಿಸಿದರೆ ಅಡಗಿದ್ದ ಗೂನು ಮುಂದಿನ ಪೀಳಿಗೆಯಲ್ಲಿ ತಲೆ ಎತ್ತಬಹುದು.

ಬೇರೆ ಬೇರೆ ವಂಶದ ತೊಟ್ಟಿಗಳಲ್ಲಿ ಒಟ್ಟೊಟ್ಟಿಗೆ ಸೊಟ್ಟ ಕಾಣಿಸಿಕೊಂಡರೆ ನೇರ ಆಹಾರದ ಡಬ್ಬಿಗೆ ಹೋಗುತ್ತೇನೆ. ಹೆಚ್ಚಿನ ಮೀನುಗಳಿಗೆ ವಿಟಮಿನ್ ಸಿಯನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳಲು ಆಗುವುದಿಲ್ಲ, ಆಹಾರದಿಂದಲೇ ಸಿಗಬೇಕು. ಅದಿಲ್ಲದಿದ್ದರೆ ಮೂಳೆಯನ್ನು ಹಿಡಿದಿಡುವ ಕೊಲ್ಲಾಜನ್ ಸರಿಯಾಗಿ ಕಟ್ಟುವುದಿಲ್ಲ, ಬೆಳೆಯುವ ಬೆನ್ನು ಬಾಗುತ್ತದೆ, ಕಿವಿರಿನ ಮುಚ್ಚಳವೂ ಗಿಡ್ಡವಾಗುತ್ತದೆ. ಬಿಸಿಲು, ಸೆಕೆ, ತೇವ ಮೂರೂ ಈ ವಿಟಮಿನ್ನಿಗೆ ಶತ್ರುಗಳು. ಅಂಗಡಿಯಲ್ಲಿ ಬಾಯಿ ತೆರೆದ ಚೀಲದಿಂದ ತೂಗಿ ಕೊಡುವ ಕಾಳಿನಲ್ಲಿ ಎಷ್ಟು ಉಳಿದಿರುತ್ತದೆ ಎಂದು ನೀವೇ ಊಹಿಸಿ. ನಾನು ಚಿಕ್ಕ ಪೊಟ್ಟಣ ಮಾತ್ರ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡುತ್ತೇನೆ. ಮನೆಯಾಕೆಗೆ ಇದು ಒಪ್ಪಿಗೆಯಿಲ್ಲ, ಮೊಸರಿನ ಪಕ್ಕ ಮೀನಿನ ಕಾಳೇ ಎಂದು. ಮರಿಗಳಿಗೆ ಆರ್ಟೀಮಿಯಾ ಎಂಬ ಪುಟಾಣಿ ಸೀಗಡಿಯಂಥ ಜೀವಿ, ಸೊಳ್ಳೆ ಹುಳು ಕೂಡ ಕೊಡುತ್ತೇನೆ. ಬಾಗಿದ್ದು ನೆಟ್ಟಗಾಗುವುದಿಲ್ಲ, ಮುಂದಿನ ಮರಿಗಳನ್ನಷ್ಟೇ ಉಳಿಸಬಹುದು.

ಏಂಜಲ್ ಮರಿಗಳದು ಇನ್ನೊಂದು ಕಥೆ. ಉಳಿದವು ತೇಲಾಡಲು ಶುರು ಮಾಡಿದಾಗ ಕೆಲವು ತಳದಲ್ಲೇ ಹೊಟ್ಟೆ ಎಳೆಯುತ್ತಾ, ತಲೆ ಮೇಲೆತ್ತಿ ಜಿಗಿದು ಮತ್ತೆ ಬೀಳುತ್ತವೆ. ಗಾಳಿಚೀಲ ಉಬ್ಬಿಲ್ಲ ಎಂದರ್ಥ. ಈಜಲು ಹೆಣಗಿ ಹೆಣಗಿ ಇವುಗಳ ಬೆನ್ನೂ ಬಾಗುತ್ತದೆ. ಮರಿ ಆ ಹೊತ್ತಿಗೆ ಮೇಲೆ ಬಂದು ಗಾಳಿ ನುಂಗಬೇಕು ಎನ್ನುತ್ತಾರೆ. ನೀರಿನ ಮೇಲೆ ಜಿಡ್ಡಿನ ಪೊರೆ ಕಟ್ಟಿದ್ದರೆ ಅದಾಗುವುದಿಲ್ಲ. ಮರಿ ತೇಲುವ ಮುನ್ನಾದಿನಗಳಲ್ಲಿ ಟಿಶ್ಯೂ ಕಾಗದವನ್ನು ನೀರಿನ ಮೇಲೆ ಹಾಸಿ ಒಂದು ತುದಿ ಹಿಡಿದು ಮೆಲ್ಲಗೆ ಎಳೆಯುತ್ತೇನೆ. ಪೊರೆ ಕಾಗದಕ್ಕೆ ಅಂಟಿ ಬರುತ್ತದೆ. ನೀರಿನ ಮಟ್ಟವನ್ನೂ ತಗ್ಗಿಸಿಡುತ್ತೇನೆ.

ಇಷ್ಟೂ ದಿನ ನೆಟ್ಟಗಿದ್ದ ದೊಡ್ಡ ಮೀನು ತೆಳುವಾಗಿ, ಹೊಟ್ಟೆ ಒಳಸೇರಿ, ಬಾಗತೊಡಗಿದರೆ ಮಾತ್ರ ನನಗೆ ಭಯ. ವಯಸ್ಸಾದ ಗಪ್ಪಿಯ ಬೆನ್ನು ಬಾಗುವುದು ಸಹಜ, ಆದರೆ ಮೀನಿನ ಕ್ಷಯವೂ ಹೀಗೇ ಶುರುವಾಗುತ್ತದೆ. ಅದನ್ನು ತರುವ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಬ್ಯಾಕ್ಟೀರಿಯಾ ಮನುಷ್ಯರ ಕೈಗಾಯದೊಳಗೂ ಹೊಕ್ಕು ವಾರಗಟ್ಟಲೆ ಮಾಯದ ಗಂಟು ಮಾಡುತ್ತದೆ. ಗಾಯವಿದ್ದ ಕೈಯನ್ನು ತೊಟ್ಟಿಗೆ ಹಾಕಬೇಡಿ, ನೀರು ತೆಗೆಯಲು ಪೈಪನ್ನು ಬಾಯಲ್ಲಿ ಎಳೆಯಬೇಡಿ. ಅಂಥ ಮೀನಿರುವ ತೊಟ್ಟಿಯ ಬಲೆ ಇನ್ನೊಂದಕ್ಕೆ ಹೋಗಬಾರದು.

ಇಷ್ಟೆಲ್ಲ ಶ್ರಮಪಟ್ಟು ನಾನು ಬೇರ್ಪಡಿಸುವ ಆಕಾರಕ್ಕೇ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ! ಬಲೂನ್ ಮೋಲಿ ಎಂದರೆ ಬೆನ್ನುಮೂಳೆ ಕುಗ್ಗಿ ಗಿಡ್ಡವಾದ ಮೀನು, ಅದನ್ನೇ ಆರಿಸಿ ಆರಿಸಿ ವಂಶ ಮಾಡಿದ್ದಾರೆ. ಮಿಶ್ರತಳಿಯ ಪ್ಯಾರಟ್ ಮೀನಿನ ಬಾಯಿ ಪೂರ್ತಿ ಮುಚ್ಚುವುದೇ ಇಲ್ಲ. ಅಂಗಡಿಯವರೊಬ್ಬರು ‘ಅಣ್ಣಾ, ಬಲೂನ್ ಮೋಲಿ ಕೊಡಿ, ನಿಮ್ಮ ಮಾಮೂಲಿ ಮೋಲಿಯನ್ನು ಯಾರೂ ಕೇಳುವುದಿಲ್ಲ’ ಎಂದು ಪ್ರತಿ ಸಲ ಹೇಳುತ್ತಾರೆ. ನಾನು ಮಾಡಿಸುವುದಿಲ್ಲ. ಹಾಗೆಂದು ನನ್ನ ಮನೆಯ ಗಾಜಿನ ಟ್ಯಾಂಕಿನಲ್ಲಿ ತಲೆಯ ಮೇಲೆ ಗಡ್ಡೆ ಬೆಳೆದ ಒರಾಂಡಾ ಗೋಲ್ಡ್ ಫಿಶ್ ಇದೆ; ಗೆರೆ ಎಲ್ಲಿ ಎಳೆಯಬೇಕು ಎಂದು ಕೇಳಿದರೆ, ಮೀನಿಗೆ ಈಜಲು, ತಿನ್ನಲು ತೊಂದರೆಯಾಗುವ ಕಡೆ ಎನ್ನುತ್ತೇನೆ.

ತಿನ್ನಲಾಗದೆ ನರಳುವ ಮರಿಗಳಿಗೆ ಲವಂಗದ ಎಣ್ಣೆ. ಬಾಟಲಿಯಲ್ಲಿ ಸ್ವಲ್ಪ ನೀರಿನೊಂದಿಗೆ ಬಿಳಿಯಾಗುವವರೆಗೆ ಕುಲುಕಿ, ಮರಿಗಳಿರುವ ಪಾತ್ರೆಗೆ ಮೆಲ್ಲಗೆ ಸುರಿದರೆ ಮೊದಲು ಮಂಪರಿಗೆ ಹೋಗುತ್ತವೆ, ಇನ್ನಷ್ಟು ಸುರಿದರೆ ಏಳುವುದಿಲ್ಲ. ಯಾವುದನ್ನೂ ವಿ.ಸಿ. ನಾಲೆಗಾಗಲಿ ಕೆರೆಗಾಗಲಿ ಬಿಡುವುದಿಲ್ಲ. ವಂಶದ ಗೂನಿದ್ದರೂ ಚುರುಕಾಗಿ ತಿಂದು ಓಡಾಡುವ ಗಪ್ಪಿಗಳನ್ನು ಮಾತ್ರ ದನ ಕಟ್ಟಿರುವ ನೆರೆಯವರ ನೀರಿನ ತೊಟ್ಟಿಗೆ ಕೊಡುತ್ತೇನೆ. ಸೊಳ್ಳೆ ಹುಳು ತಿನ್ನಲು ನೆಟ್ಟಗಿನ ಬೆನ್ನು ಬೇಕಿಲ್ಲ. ಕೊಡುವುದು ಗಂಡುಗಳನ್ನು ಮಾತ್ರ. ಒಂದೇ ಒಂದು ಹೆಣ್ಣು ತಪ್ಪಿ ಹೋದರೂ ಅದೇ ಗೂನಿನ ಸಂಸಾರ ಆ ತೊಟ್ಟಿ ತುಂಬಿ, ಅಲ್ಲಿಂದ ಯಾರದೋ ಮನೆಯ ಟ್ಯಾಂಕಿಗೆ ಹೊರಡುತ್ತದೆ.