ಬಳ್ಳಾರಿ ಬಿಸಿಲಲ್ಲಿ ಗ್ರಾಫಿಕ್ಸ್ ಕಾರ್ಡಿನ ವೋಲ್ಟೇಜ್ ಇಳಿಸಿದ್ದು

ನನ್ನದು ಮದುವೆ ವಿಡಿಯೊ ಎಡಿಟಿಂಗ್ ಕೆಲಸ. ಬಳ್ಳಾರಿಯಲ್ಲಿ ಮಹಡಿ ಮೇಲೊಂದು ರೂಮು, ತಲೆ ಮೇಲೆ ಬರೀ ಆರ್‌ಸಿಸಿ ಸ್ಲ್ಯಾಬು, ಎಸಿ ಇಲ್ಲ. ನಮ್ಮೂರಿಗೆ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ತಮಾಷೆ ಮಾಡ್ತಾರಲ್ಲ, ಲಗ್ನಗಳೆಲ್ಲ ಸಾಲಾಗಿ ಬರೋದು ಆ ಎರಡನೆಯದರಲ್ಲೇ. ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ನಾಯ್ಸ್ ರಿಡಕ್ಷನ್ (ಚಿತ್ರದ ಮೇಲಿನ ಕಾಳು ಕಾಳು ಅಳಿಸೋದು) ಹಾಕಿ ಎಕ್ಸ್‌ಪೋರ್ಟ್‌ಗೆ ಬಿಟ್ಟರೆ ನನ್ನ ಆರ್‌ಟಿಎಕ್ಸ್ 3070 ಕಾರ್ಡು 82 ಡಿಗ್ರಿಗೆ ಏರಿ, ಫ್ಯಾನು ಹಿಟ್ಟಿನ ಗಿರಣಿ ಥರ ಸದ್ದು ಮಾಡ್ತಿತ್ತು. ಅದಕ್ಕಿಂತ ದೊಡ್ಡ ತಲೆನೋವು ಯುಪಿಎಸ್. ಅದು 1000 ವಿಎ, ಅಂದರೆ 600 ವಾಟ್. ಆಲ್ಬಮ್ ಮಾಡೋ ಹುಡುಗನ ಸಿಸ್ಟಮ್ಮೂ ಅದರ ಮೇಲೇ ಇದೆ. ಕರೆಂಟ್ ಹೋದ ತಕ್ಷಣ ಓವರ್‌ಲೋಡ್ ಅಂತ ಕೂಗಿಕೊಳ್ಳೋದು.

ಹೊಸ ಯುಪಿಎಸ್‌ಗೆ ದುಡ್ಡು ಹಾಕುವ ಮೊದಲು ಅಂಡರ್‌ವೋಲ್ಟ್ ಮಾಡಿ, ಅಂದರೆ ಕಾರ್ಡಿನ ಚಿಪ್ಪಿಗೆ ಹೋಗುವ ವೋಲ್ಟೇಜ್ ಇಳಿಸಿ ನೋಡಿದೆ. ಕಾರ್ಖಾನೆಯವರು ಚಿಪ್ಪುಗಳನ್ನು ಲಕ್ಷಗಟ್ಟಲೆ ಮಾಡ್ತಾರೆ, ಐದು ಬೆರಳು ಒಂದೇ ಸಮ ಇರಲ್ಲ. ತೀರಾ ಸಾಧಾರಣ ಚಿಪ್ಪೂ ತೊಂದರೆ ಕೊಡದೆ ಓಡಲಿ ಅಂತ ಎಲ್ಲದಕ್ಕೂ ಸ್ವಲ್ಪ ಜಾಸ್ತಿ ವೋಲ್ಟೇಜೇ ಇಟ್ಟು ಕಳಿಸ್ತಾರೆ. ಚಿಪ್ಪು ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತೆ. 1.05 ವೋಲ್ಟಿನಿಂದ 0.90ಕ್ಕೆ ಇಳಿಸಿದರೆ ಅಂತರ ನೂರಕ್ಕೆ ಹದಿನಾಲ್ಕು ಅಷ್ಟೇ, ಆದರೆ ವಿದ್ಯುತ್ತು ಉಳಿತಾಯ ಆಗೋದು ಕಾಲು ಭಾಗಕ್ಕೂ ಮೇಲೆ. ಕಾರ್ಡಿನ ಮೆಮೊರಿ, ಫ್ಯಾನು ತಿನ್ನೋದು ಹಾಗೇ ಇರುತ್ತೆ ಅನ್ನೋದೂ ಲೆಕ್ಕದಲ್ಲಿರಲಿ.

ಮೊದಲು ಕೇಸ್ ಬಿಚ್ಚಿ ಧೂಳು ಹೊಡೀರಿ. ನಮ್ಮ ಕಡೆಯ ಕೆಂಪು ಧೂಳು ಹೀಟ್‌ಸಿಂಕ್ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತೆ. ನನಗೆ ಅದೊಂದರಿಂದಲೇ 3 ಡಿಗ್ರಿ ಇಳಿಯಿತು. ಆಮೇಲೆ ಕಾರ್ಡಿನ ಸೆಟ್ಟಿಂಗ್ ಬದಲಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ. ಬೇರೆ ಕಂಪನಿ ಕಾರ್ಡಿಗೂ ಅದು ನಡೆಯುತ್ತೆ, ದುಡ್ಡಿಲ್ಲ. ಏನನ್ನೂ ಮುಟ್ಟದೆ ನಿಮ್ಮ ಮಾಮೂಲಿ ಕೆಲಸವನ್ನೇ ಹದಿನೈದು ನಿಮಿಷ ಓಡಿಸಿ ಕ್ಲಾಕ್ (ಚಿಪ್ಪು ಓಡುವ ವೇಗ), ವೋಲ್ಟೇಜ್, ವಾಟ್, ಡಿಗ್ರಿ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ನನ್ನ ಚೀಟಿಯಲ್ಲಿ ಇದ್ದದ್ದು: 1905 ಮೆಗಾಹರ್ಟ್ಸ್, 1.05 ವೋಲ್ಟ್, 218 ವಾಟ್, 79 ಡಿಗ್ರಿ.

ಈಗ ಅಸಲು ಕೆಲಸ. ಆಫ್ಟರ್‌ಬರ್ನರ್‌ನಲ್ಲಿ ಕೋರ್ ಕ್ಲಾಕ್ ಸ್ಲೈಡರನ್ನು ಮೈನಸ್ 300ಕ್ಕೆ ಎಳೆದು ಅಪ್ಲೈ ಒತ್ತಿ. ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ ಒಂದು ಗ್ರಾಫ್ ತೆರೆಯುತ್ತೆ. ಅಡ್ಡಕ್ಕೆ ವೋಲ್ಟೇಜ್, ಉದ್ದಕ್ಕೆ ಕ್ಲಾಕ್. ಅಡ್ಡಗೆರೆಯಲ್ಲಿ 900 ಇರುವ ಕಡೆ, ಅಂದರೆ 0.90 ವೋಲ್ಟಿನ ಮೇಲಿರುವ ಚುಕ್ಕಿಯನ್ನು ಮೌಸಿನಲ್ಲಿ ಹಿಡಿದು 1830ರವರೆಗೆ ಮೇಲೆ ಎಳೆಯಿರಿ. ಅದೊಂದೇ ಚುಕ್ಕಿ ಗುಂಪಿನಿಂದ ಎದ್ದು ನಿಲ್ಲುತ್ತೆ, ಗಾಬರಿ ಬೇಡ. ಅಪ್ಲೈ ಒತ್ತಿದ ತಕ್ಷಣ ಅದರ ಬಲಗಡೆಯ ಚುಕ್ಕಿಗಳೆಲ್ಲ ದಾರ ಕಟ್ಟಿದ ಹಾಗೆ ಅದೇ ಎತ್ತರಕ್ಕೆ ಸಾಲಾಗಿ ನಿಲ್ಲುತ್ತವೆ. ಹಾಗೆ ನಿಂತರೆ ಕಾರ್ಡು 0.90 ವೋಲ್ಟ್ ದಾಟಲ್ಲ. ಬಲಗಡೆ ಯಾವುದಾದರೂ ಚುಕ್ಕಿ ಮೇಲೆ ಉಳಿದಿದ್ದರೆ ಮೈನಸ್ 300 ಸಾಲಲಿಲ್ಲ ಅಂತ ಅರ್ಥ, ಇನ್ನೂ ಇಳಿಸಿ ಮತ್ತೆ ಮಾಡಿ. ಕಾರ್ಡು ಕಾದಂತೆ ಕ್ಲಾಕ್ ತಾನಾಗೇ 15 ಮೆಗಾಹರ್ಟ್ಸ್ ಮೆಟ್ಟಿಲಲ್ಲಿ ಇಳಿಯುತ್ತೆ. 1830 ಇಟ್ಟಿದ್ದು ಆಮೇಲೆ 1815 ತೋರಿಸಿದರೆ ಏನೋ ಕೆಟ್ಟಿತು ಅಂದುಕೊಳ್ಳಬೇಡಿ.

ಪವರ್ ಲಿಮಿಟ್, ಅಂದರೆ ಕಾರ್ಡು ಎಳೆಯಬಹುದಾದ ವಾಟಿನ ಮಿತಿ ಇಳಿಸಿದರೆ ಸಾಲದಾ ಅಂತ ಕೇಳ್ತಾರೆ. ಅದು ಸುಲಭ, ಆದರೆ ಅದರಲ್ಲಿ ವಾಟ್ ಜೊತೆ ವೇಗಕ್ಕೂ ಕತ್ತರಿ ಬೀಳುತ್ತೆ. ಇದರಲ್ಲಿ ವೇಗ ಹೆಚ್ಚುಕಮ್ಮಿ ಹಾಗೇ ಇರುತ್ತೆ. ನನ್ನ ಚೀಟಿಯ ಎರಡನೇ ಸಾಲು: 1815, 0.90 ವೋಲ್ಟ್, 163 ವಾಟ್, 69 ಡಿಗ್ರಿ. ಇಪ್ಪತ್ತು ನಿಮಿಷದ ಎಕ್ಸ್‌ಪೋರ್ಟ್ ಒಂದು ನಿಮಿಷಕ್ಕಿಂತ ಕಮ್ಮಿ ತಡವಾಯಿತು. ಯುಪಿಎಸ್ ಬಾಯಿ ಮುಚ್ಚಿತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆಸೆ ಬಿಡಲಿಲ್ಲ. ಅದೇ 1830ಕ್ಕೆ ವೋಲ್ಟೇಜನ್ನು 0.875, 0.850 ಅಂತ ಇಳಿಸ್ತಾ 0.825ಕ್ಕೆ ಬಂದೆ. ಕಾರ್ಡನ್ನು ದುಡಿಸಿ ಪರೀಕ್ಷಿಸುವ ಹೆವನ್ ಬೆಂಚ್‌ಮಾರ್ಕ್ ಅರ್ಧ ಗಂಟೆ ಓಡಿತು, ಒಂದು ಗೆರೆ ಮಿಣುಕಲಿಲ್ಲ. ಗೆದ್ದೆ ಅಂದುಕೊಂಡು ಹೊಸಪೇಟೆ ಮದುವೆಯೊಂದರ ಎಕ್ಸ್‌ಪೋರ್ಟ್ ಹಾಕಿ ಊಟಕ್ಕೆ ಹೋದೆ. ಹುಡುಗ ಫೋನ್ ಮಾಡಿದ, "ಅಣ್ಣ, ಧಾರೆ ಹತ್ರ ನಿಂತೋಗೈತೆ." ಸ್ಕ್ರೀನ್ ಒಂದು ಸಲ ಕಪ್ಪಾಗಿ ವಾಪಸ್ ಬಂದಿತ್ತಂತೆ. ಎರರ್‌ಗಳ ದಾಖಲೆ ಇರುವ ವಿಂಡೋಸ್ ಇವೆಂಟ್ ವ್ಯೂವರ್ ತೆರೆದರೆ ಎನ್‌ವಿಎಲ್‌ಡಿಡಿಎಂಕೆಎಂ ಅನ್ನೋ ಹೆಸರಿನ ಎರರ್. ಎನ್ವಿಡಿಯಾ ಡ್ರೈವರಿನ ಫೈಲ್ ಅದು. ಅಂಡರ್‌ವೋಲ್ಟ್ ಮಾಡಿದ ಮೇಲೆ ಆ ಹೆಸರು ಕಂಡರೆ ಮೊದಲು ಅನುಮಾನ ಪಡಬೇಕಾದ್ದು ನಿಮ್ಮ ಗ್ರಾಫನ್ನೇ. ಬೆಳಿಗ್ಗೆ ಡ್ರೈವ್ ಒಯ್ಯಲು ಹುಡುಗಿಯ ಸೋದರಮಾವ ಬರೋರಿದ್ದರು, ರಾತ್ರಿ ಎರಡರವರೆಗೆ ಕೂತೆ.

ಹಾಗಾಗಿ ಬೆಂಚ್‌ಮಾರ್ಕ್ ಪಾಸಾದರೆ ಪೂರ್ತಿ ನಂಬಬೇಡಿ. ನಿಮ್ಮ ದಿನದ ಕೆಲಸದಲ್ಲೇ ಪರೀಕ್ಷೆ ಮಾಡಿ. ಗೇಮ್ ಆಡೋರು ರೇ ಟ್ರೇಸಿಂಗ್ (ಬೆಳಕು-ನೆರಳನ್ನು ನಿಜದ ಹಾಗೆ ಲೆಕ್ಕ ಹಾಕೋದು) ಇರುವ ಗೇಮನ್ನು ಎರಡು ಗಂಟೆ ಆಡಿ ನೋಡಿ, ಬಡಕಲು ಗ್ರಾಫ್ ಅಲ್ಲಿ ಬೇಗ ಸಿಕ್ಕಿಬೀಳುತ್ತೆ. ನನಗೆ ಕೊನೆಗೆ 0.875 ನಿಂತಿತು, ಆದರೂ ಮೇ ತಿಂಗಳ ಸೆಕೆ ನೆನೆದು 0.90ನ್ನೇ ಇಟ್ಟುಕೊಂಡೆ. ನನ್ನ ಅಂಕಿಯನ್ನು ಹಾಗೇ ಇಳಿಸಿಕೊಳ್ಳಬೇಡಿ. ನಿಮ್ಮದೂ 3070 ಆಗಿದ್ದರೂ ಚಿಪ್ಪು ಬೇರೆ. ವೋಲ್ಟೇಜ್ ಕಮ್ಮಿ ಮಾಡಿದರೆ ಕಾರ್ಡು ಸುಡಲ್ಲ, ಹ್ಯಾಂಗ್ ಆಗುತ್ತೆ ಅಷ್ಟೆ. ಸುಡೋದು ಸೇವ್ ಮಾಡದ ಪ್ರಾಜೆಕ್ಟ್ ಇಟ್ಟುಕೊಂಡವರ ಹೊಟ್ಟೆ.

ಎಎಂಡಿ ಕಾರ್ಡಿದ್ದರೆ ಆಫ್ಟರ್‌ಬರ್ನರ್ ಬೇಕಿಲ್ಲ. ಅವರದೇ ಅಡ್ರಿನಲಿನ್ ಸಾಫ್ಟ್‌ವೇರಿನಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಟ್ಯೂನಿಂಗ್‌ಗೆ ಹೋದರೆ ವೋಲ್ಟೇಜ್ ಸ್ಲೈಡರ್ ಸಿಗುತ್ತೆ. 25 ಮಿಲಿವೋಲ್ಟಿನಂತೆ ಇಳಿಸ್ತಾ ಬನ್ನಿ.

ಗ್ರಾಫ್ ಸರಿಯಾದ ಮೇಲೆ ಅದನ್ನು ಒಂದನೇ ನಂಬರಿನ ಪ್ರೊಫೈಲಿಗೆ ಸೇವ್ ಮಾಡಿ. ವಿಂಡೋಸ್ ಜೊತೆಗೇ ಜಾರಿಯಾಗುವ ಬಟನ್ನನ್ನು ಮಾತ್ರ ಒಂದು ವಾರ ಮುಟ್ಟಬೇಡಿ. ಅರೆಬೆಂದ ಗ್ರಾಫು ಆನ್ ಆದಾಗಲೆಲ್ಲ ತಾನೇ ಬಂದು ಕೂತರೆ ಸೇಫ್ ಮೋಡಿಗೆ ಹೋಗಿ ಬಿಡಿಸಬೇಕಾಗುತ್ತೆ. ಹೊಸ ಡ್ರೈವರ್ ಹಾಕಿದ ದಿನ ಗ್ರಾಫ್ ತೆರೆದು ಒಮ್ಮೆ ನೋಡಿ, ಅದು ಮೊದಲಿನ ಹಾಗೆ ಆಗಿಬಿಟ್ಟಿರಬಹುದು. ನಾನು ಒಂದು ಸಲ ನೋಡಿರಲಿಲ್ಲ. ಸಂಜೆ ಎಕ್ಸ್‌ಪೋರ್ಟ್ ಹಾಕಿದಾಗ ಹುಡುಗ ತಲೆ ಎತ್ತಿ ಕೇಳಿದ, "ಅಣ್ಣ, ಗಿರಣಿ ಮತ್ತೆ ಶುರುವಾತಾ?"