ತಿರುಗುವ ಕಪ್ಪುಕುಳಿಗೆ ಚಾರ್ಜ್ ಸೇರಿಸಿದಾಗ: ನಾನು ಲೆಕ್ಕ ಮಾಡಿದ ಬಗೆ

ನನ್ನ ಪಿಎಚ್‌ಡಿಯ ಬಹುಪಾಲು ಸಮಯ ಹೋಗಿದ್ದು ಕೆರ್-ನ್ಯೂಮನ್ ಕಪ್ಪುಕುಳಿಯ ಮೇಲೆ. ಅಂದರೆ ತಿರುಗುವಿಕೆಯೂ ವಿದ್ಯುತ್ ಚಾರ್ಜೂ ಎರಡೂ ಇರುವ ಕಪ್ಪುಕುಳಿ. ಐನ್‌ಸ್ಟೈನರ ಗುರುತ್ವ ಸಮೀಕರಣಗಳಿಗೆ ತಿರುಗುವ ಕಪ್ಪುಕುಳಿಯ ಉತ್ತರವನ್ನು ರಾಯ್ ಕೆರ್ 1963ರಲ್ಲಿ ಕೊಟ್ಟರು. ಎರಡೇ ವರ್ಷಕ್ಕೆ ನ್ಯೂಮನ್ ಮತ್ತು ಸಂಗಡಿಗರು ಅದಕ್ಕೆ ಚಾರ್ಜನ್ನೂ ಸೇರಿಸಿದರು. ದ್ರವ್ಯರಾಶಿ, ತಿರುಗುವಿಕೆ, ಚಾರ್ಜ್, ಈ ಮೂರು ಸಂಖ್ಯೆ ಗೊತ್ತಾದರೆ ಇಡೀ ಕಪ್ಪುಕುಳಿ ಗೊತ್ತಾದ ಹಾಗೆ. ಇಷ್ಟು ಅಚ್ಚುಕಟ್ಟಾದ ವಸ್ತು ಭೌತವಿಜ್ಞಾನದಲ್ಲಿ ಬಹಳ ಕಮ್ಮಿ.

ಕಷ್ಟ ಶುರುವಾಗುವುದು ಅದನ್ನು ಸ್ವಲ್ಪ ಅಲುಗಾಡಿಸಿದಾಗ. ಅಲುಗಿದ ಕಪ್ಪುಕುಳಿ ಗುರುತ್ವ ಅಲೆಗಳನ್ನು ಹೊಮ್ಮಿಸುತ್ತಾ, ಗಂಟೆಯಂತೆ ತನ್ನದೇ ಸ್ವರದಲ್ಲಿ ಮೊಳಗಿ ಸುಮ್ಮನಾಗುತ್ತದೆ. ಇದನ್ನು ಲೆಕ್ಕ ಮಾಡಿ 1970ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ತಿರುಗದ, ಚಾರ್ಜಿಲ್ಲದ, 10 ಸೂರ್ಯರಷ್ಟು ತೂಕದ ಕಪ್ಪುಕುಳಿಯಾದರೆ ಸ್ವರ ಸುಮಾರು 1200 ಹರ್ಟ್ಜ್. ಅರ್ಧ ಮಿಲಿಸೆಕೆಂಡ್ ಕಳೆಯುವಷ್ಟರಲ್ಲಿ ಅದರ ಜೋರು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ. ನನಗೆ ಬೇಕಿದ್ದದ್ದು ಚಾರ್ಜೂ ತಿರುಗುವಿಕೆಯೂ ಸೇರಿದಾಗ ಈ ಸ್ವರ ಎಲ್ಲಿಗೆ ಹೋಗುತ್ತದೆ ಅನ್ನುವುದು.

'ಆಕಾಶದಲ್ಲಿರುವ ಕಪ್ಪುಕುಳಿಗೆ ಚಾರ್ಜ್ ಎಲ್ಲಿರುತ್ತೆ?' ಅಂತ ಸೆಮಿನಾರುಗಳಲ್ಲಿ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಎರಡು ಎಲೆಕ್ಟ್ರಾನುಗಳ ನಡುವಿನ ವಿದ್ಯುತ್ ಬಲ ಅವುಗಳ ಗುರುತ್ವ ಬಲಕ್ಕಿಂತ 10ರ ಘಾತ 42ರಷ್ಟು ಪಟ್ಟು ಜಾಸ್ತಿ. ಹಾಗಾಗಿ ಚಾರ್ಜ್ ಇರುವ ಕಪ್ಪುಕುಳಿ ಸುತ್ತಲಿನ ಅನಿಲದಿಂದ ವಿರುದ್ಧ ಚಾರ್ಜನ್ನು ಬೇಗ ಎಳೆದುಕೊಂಡುಬಿಡುತ್ತದೆ. ಆದರೂ ಚಾರ್ಜ್ ಇಲ್ಲ ಅಂತ ಸುಮ್ನೆ ಹೇಳುವುದು ಬೇರೆ, ಅಳೆದು ಹೇಳುವುದು ಬೇರೆ. ಅಳೆಯಬೇಕಾದರೆ, ಚಾರ್ಜ್ ಇದ್ದಿದ್ದರೆ ಗುರುತ್ವ ಅಲೆ ಹೇಗಿರುತ್ತಿತ್ತು ಅಂತ ಮೊದಲು ಗೊತ್ತಿರಬೇಕು ಅಲ್ವಾ?

ಚಾರ್ಜಿಲ್ಲದ ಕೆರ್ ಕಪ್ಪುಕುಳಿಯಲ್ಲಿ ಈ ಅಲುಗಾಟವನ್ನು ವಿವರಿಸುವ ಟ್ಯುಕೋಲ್ಸ್ಕಿ ಸಮೀಕರಣ, ಕೇಂದ್ರದಿಂದ ಇರುವ ದೂರದ ಭಾಗ, ಕೋನದ ಭಾಗ ಅಂತ ಎರಡಾಗಿ ಒಡೆಯುತ್ತದೆ. ತಿರುಗುವಿಕೆ ಇಲ್ಲದೆ ಚಾರ್ಜ್ ಮಾತ್ರ ಇದ್ದರೂ ಒಡೆಯುತ್ತದೆ. ಎರಡೂ ಇದ್ದಾಗ ಗುರುತ್ವದ ಅಲೆ ವಿದ್ಯುತ್ಕಾಂತ ಅಲೆಯನ್ನು ಎಬ್ಬಿಸುತ್ತದೆ, ಅದು ಮತ್ತೆ ಗುರುತ್ವದ ಅಲೆಯನ್ನು ಎಬ್ಬಿಸುತ್ತದೆ. ಈ ಹೆಣಿಗೆಯನ್ನು ಬಿಡಿಸುವ ದಾರಿ ಯಾರಿಗೂ ಸಿಕ್ಕಿಲ್ಲ. 2015ರಲ್ಲಿ ಡಿಯಾಸ್, ಗೊದಜ್‌ಗರ್, ಸಾಂಟೋಸ್ ಅದನ್ನು ಬಿಡಿಸಲು ಹೋಗದೆ, ಎರಡು ಸಮೀಕರಣಗಳನ್ನೂ ಒಟ್ಟಿಗೇ ಕಂಪ್ಯೂಟರಿಗೆ ಕೊಟ್ಟರು. ನಾನು ಹಿಡಿದದ್ದೂ ಅದೇ ದಾರಿ.

ಮೊದಲು ಅಂಚುಗಳನ್ನು ಸರಿಮಾಡಿಕೊಂಡೆ. ದಿಗಂತದಲ್ಲಿ, ಅಂದರೆ ದಾಟಿದ ಮೇಲೆ ಯಾವುದೂ ವಾಪಸ್ ಬರಲಾಗದ ಕಪ್ಪುಕುಳಿಯ ಗಡಿಯಲ್ಲಿ, ಅಲೆ ಒಳಗೆ ಮಾತ್ರ ಹೋಗಬೇಕು, ಬಹುದೂರದಲ್ಲಿ ಹೊರಗೆ ಮಾತ್ರ. ಆ ಎರಡು ಕಡೆಯ ನಡತೆಯನ್ನು ಕೈಯಲ್ಲೇ ಲೆಕ್ಕ ಮಾಡಿ ಹೊರತೆಗೆದರೆ ಉಳಿಯುವ ಫಂಕ್ಷನ್ ನುಣುಪಾಗಿರುತ್ತದೆ. ಅದನ್ನು ಚೆಬಿಷೆವ್ ಬಿಂದುಗಳ (ಅಂಚುಗಳ ಬಳಿ ಒತ್ತೊತ್ತಾಗಿರುವ ಬಿಂದುಗಳ) ಗ್ರಿಡ್ ಮೇಲೆ ಕೂರಿಸಿದೆ. ದೂರಕ್ಕೆ 40, ಕೋನಕ್ಕೆ 40 ಬಿಂದು ಇಟ್ಟರೆ ಎರಡು ಫಂಕ್ಷನ್ನುಗಳಿಗೆ 3200 ಅಜ್ಞಾತಗಳು. ಸಮೀಕರಣದಲ್ಲಿ ಆವರ್ತನದ ವರ್ಗವೂ ಬರುವುದರಿಂದ ಮ್ಯಾಟ್ರಿಕ್ಸ್ 6400 ಸಾಲಿನದಾಗುತ್ತದೆ. ಅದೊಂದಕ್ಕೇ 650 ಎಂಬಿ ಮೆಮೊರಿ ಬೇಕು. ಎಲ್ಲ ಐಗೆನ್‌ವ್ಯಾಲ್ಯೂಗಳನ್ನೂ, ಅಂದರೆ ಆ ಮ್ಯಾಟ್ರಿಕ್ಸ್ ಕೊಡುವ ಎಲ್ಲ ಸ್ವರಗಳನ್ನೂ, ಪ್ರತಿ ಸಲ ಹುಡುಕುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಒಂದು ಸ್ವರ ಸಿಕ್ಕ ಮೇಲೆ ಚಾರ್ಜನ್ನು ಚೂರುಚೂರೇ ಏರಿಸುತ್ತಾ, ಹಿಂದಿನ ಉತ್ತರವನ್ನೇ ಮುಂದಿನದರ ಊಹೆಯಾಗಿ ಕೊಟ್ಟು, ಊಹೆಯನ್ನು ಹಂತಹಂತವಾಗಿ ತಿದ್ದುವ ನ್ಯೂಟನ್ ವಿಧಾನದಲ್ಲಿ ಅದನ್ನೇ ಹಿಂಬಾಲಿಸಿದೆ.

ನನ್ನ ಪ್ರಕಾರ ಈ ಕೆಲಸದ ಜೀವ ಇರುವುದು ತಾಳೆ ನೋಡುವುದರಲ್ಲಿ. ಯಾರೂ ಕೈಯಲ್ಲಿ ಬಿಡಿಸಲಾಗದ ಸಮೀಕರಣಕ್ಕೆ ಕಂಪ್ಯೂಟರ್ ಏನೋ ಒಂದು ಸಂಖ್ಯೆ ಕೊಟ್ಟರೆ ಅದನ್ನು ಯಾಕೆ ನಂಬಬೇಕು? ಚಾರ್ಜೂ ತಿರುಗುವಿಕೆಯೂ ಸೊನ್ನೆ ಇಟ್ಟಾಗ ಗುರುತ್ವದ ಸ್ವರದ ವಾಸ್ತವ ಭಾಗ (ಸ್ವರದ ಎತ್ತರ) 0.3737, ಊಹಾ ಭಾಗ (ಅದು ಅಡಗುವ ವೇಗ) ಮೈನಸ್ 0.0890 ಬರಲೇಬೇಕು; ಇವು ಹರ್ಟ್ಜ್ ಅಲ್ಲ, ದ್ರವ್ಯರಾಶಿಯನ್ನು 1 ಅಂತ ಇಟ್ಟುಕೊಂಡ ಲೆಕ್ಕ. ವಿದ್ಯುತ್ಕಾಂತ ಸ್ವರ 0.2483 ಮತ್ತು ಮೈನಸ್ 0.0925 ಬರಬೇಕು. ತಿರುಗುವಿಕೆ ಉಳಿಸಿಕೊಂಡು ಚಾರ್ಜನ್ನು ಮಾತ್ರ ಸೊನ್ನೆ ಮಾಡಿದರೆ ಲೀವರ್ 1985ರಲ್ಲಿ ಕೊಟ್ಟ ವಿಧಾನದ ಉತ್ತರಗಳು ಸಿಗಬೇಕು. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇನ್ನೊಂದಿದೆ. ತಿರುಗುವಿಕೆ ಇಲ್ಲದಾಗ ಕಪ್ಪುಕುಳಿ ಪೂರ್ತಿ ಗೋಲ. ಆಗ ಅಕ್ಷದ ಸುತ್ತ ಅಲೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಸಂಖ್ಯೆಗೆ 0 ಕೊಡಲಿ, 1 ಕೊಡಲಿ, 2 ಕೊಡಲಿ, ಸ್ವರ ಒಂದೇ ಇರಬೇಕು. ಪ್ರೋಗ್ರಾಮಿಗೆ ಆ ಸಂಗತಿ ಗೊತ್ತಿಲ್ಲ. ಅದು ಮೂರು ಬೇರೆ ಬೇರೆ ಮ್ಯಾಟ್ರಿಕ್ಸ್ ಕಟ್ಟುತ್ತದೆ. ಮೂರರಿಂದಲೂ ಹತ್ತನೇ ದಶಮಾಂಶದವರೆಗೆ ಒಂದೇ ಉತ್ತರ ಬಂದಾಗ ಆಗುವ ಖುಷಿಯೇ ಬೇರೆ.

ತೀರಾ ನಾಜೂಕಾದ ಜಾಗ ಗರಿಷ್ಠ ಮಿತಿಯ ಹತ್ತಿರ. ಎಲ್ಲವನ್ನೂ ಒಂದೇ ಮಾನದಲ್ಲಿ ಅಳೆದಾಗ, ತಿರುಗುವಿಕೆಯ ವರ್ಗ, ಚಾರ್ಜಿನ ವರ್ಗ ಎರಡೂ ಕೂಡಿ ದ್ರವ್ಯರಾಶಿಯ ವರ್ಗವನ್ನು ದಾಟುವಂತಿಲ್ಲ, ದಾಟಿದರೆ ದಿಗಂತವೇ ಇರುವುದಿಲ್ಲ. ಆ ಮಿತಿಯ ಬಳಿ ಎರಡು ಬಗೆಯ ಸ್ವರಗಳು ಸಿಗುತ್ತವೆ. ಒಂದು, ಬೆಳಕು ಸುತ್ತು ಹೊಡೆಯುವ ಕಕ್ಷೆಗೆ ಸೇರಿದ್ದು. ಇನ್ನೊಂದು ದಿಗಂತಕ್ಕೆ ಅಂಟಿಕೊಂಡದ್ದು, ಬಹಳ ನಿಧಾನ ಅಡಗುವಂಥದ್ದು. ಇವೆರಡು ಹತ್ತಿರ ಬಂದು, ದಾಟಿ ಹೋಗುವ ಬದಲು ಒಂದನ್ನೊಂದು ದೂಡಿ ಬೇರೆಯಾಗುತ್ತವೆ. ಅಲ್ಲಿ ಹೆಜ್ಜೆ ದೊಡ್ಡದಿದ್ದರೆ ಯಾವ ಸ್ವರವನ್ನು ಹಿಂಬಾಲಿಸುತ್ತಿದ್ದೇವೆ ಅನ್ನುವುದೇ ತಪ್ಪಿಹೋಗುತ್ತದೆ. ಅದಕ್ಕೆ ಎರಡನ್ನೂ ಜೊತೆಜೊತೆಗೆ ಹಿಂಬಾಲಿಸಿದೆ. ಪ್ರತಿ ಹೆಜ್ಜೆಯಲ್ಲೂ ಸಂಖ್ಯೆಯಷ್ಟೇ ಅಲ್ಲ, ಫಂಕ್ಷನ್ನಿನ ಆಕಾರವನ್ನೂ ನೋಡಿದೆ.

ಹೊಯ್ದಾಟ ಕಾಲದೊಂದಿಗೆ ಬೆಳೆಯುವಂಥ ಸ್ವರ 2015ರ ಆ ಲೆಕ್ಕದಲ್ಲಿ ಕಂಡಿರಲಿಲ್ಲ, ನಾನು ನೋಡಿದ ಸ್ವರಗಳಲ್ಲೂ ಕಾಣಲಿಲ್ಲ. ಆದರೆ ಅಳೆಯುವವರಿಗೆ ಒಂದು ತೊಡಕಿದೆ. ಮುಖ್ಯ ಸ್ವರವನ್ನು ತಿರುಗುವಿಕೆಯೂ ಏರಿಸುತ್ತದೆ, ಚಾರ್ಜೂ ಏರಿಸುತ್ತದೆ. ಒಂದೇ ಸ್ವರ ಕೇಳಿಸಿದರೆ ಯಾವುದರಿಂದ ಎಷ್ಟು ಏರಿತು ಅಂತ ಬಿಡಿಸಿ ಹೇಳುವುದು ಕಷ್ಟ. ಎರಡನೇ ಸ್ವರವೂ ಬೇಕು. ಹಾಗಾಗಿ ಈಗ ಅಕ್ಷದ ಸುತ್ತ ಮೂರು ಸಲ ಏರಿಳಿಯುವ ಅಲೆಯ ಪಟ್ಟಿ ತಯಾರು ಮಾಡುತ್ತಿದ್ದೇನೆ.